ಭೂಮಿ ಉಳಿಸಲು ನಾಲ್ಕು ಜನ ಬೇಕಾಗಿದ್ದಾರೆ

ದಿಲ್ಲಿಯಲ್ಲಿ ಭೂಗೋಳ ಕಲಿಸುವವಳಿಗೆ ನಗೆ ಪ್ರಸಂಗಗಳ ಬರ ಬರುವುದಿಲ್ಲ. ಗಂಗೆ ಎಲ್ಲಿ ಹುಟ್ಟುತ್ತಾಳೆ ಎಂದರೆ ಹರಿದ್ವಾರದ ಬಸ್ ಸ್ಟ್ಯಾಂಡಿನ ಹಿಂದೆ ಎನ್ನುವ ಮಕ್ಕಳು, ನಕಾಶೆಯಲ್ಲಿ ಕರ್ನಾಟಕ ತೋರಿಸಿದರೆ "ಅಚ್ಛಾ, ಮದ್ರಾಸ್" ಎನ್ನುವ ಸಹೋದ್ಯೋಗಿಗಳು, ಇವರ ನಡುವೆಯೇ ನನ್ನ ಅರ್ಧ ಆಯುಸ್ಸು ಹೋಗಿದೆ. ಅವನ್ನೆಲ್ಲ ಒಂದು ತಕ್ಕಡಿಗೆ ಹಾಕಿದರೂ, ಮಕ್ಕಳು ಮಾಡಿದ ಒಂದು ಆಟವನ್ನು ಬಗಲಲ್ಲಿ ಇಟ್ಟುಕೊಂಡು ದೊಡ್ಡವರನ್ನು ಹುಡುಕುತ್ತ ನಾನು ಅಲೆದ ಆ ಮಳೆಗಾಲವೇ ತೂಕಕ್ಕೆ ಹೆಚ್ಚು. ಆಗ ದಿಲ್ಲಿಗೆ ಮೆಟ್ರೋ ಹೊಸದು. ಜನ ಅದನ್ನೂ ನಂಬುತ್ತಿರಲಿಲ್ಲ. ಹತ್ತಿದವರು ಇಳಿಯುವ ತನಕ ಬಾಗಿಲನ್ನೇ ನೋಡುತ್ತ ನಿಂತಿರುತ್ತಿದ್ದರು.

೧. ಗೆಲ್ಲುವವರು ಯಾರು

ಆಟ ಹುಟ್ಟಿದ್ದು ಬೇಸಿಗೆ ರಜೆಯ ಹೋಂವರ್ಕಿನಿಂದ. ಭೂಮಿ ಬಿಸಿಯಾಗುತ್ತಿದೆ, ಅದರ ಬಗ್ಗೆ ಏನಾದರೂ ಮಾಡಿಕೊಂಡು ಬನ್ನಿ ಎಂದು ಒಂಬತ್ತನೇ ಕ್ಲಾಸಿಗೆ ಹೇಳಿದ್ದೆ. ಉಳಿದವರೆಲ್ಲ ಎಂದಿನಂತೆ ಅಳುವ ಭೂಮಿಯ ಚಿತ್ರ ಬರೆದು ತಂದರು. ಎರಡು ಜಡೆಯ ಒಬ್ಬ ಹುಡುಗಿ ಮಾತ್ರ ತನ್ನ ಗುಂಪು ಕಟ್ಟಿಕೊಂಡು ಒಂದು ಬೋರ್ಡ್ ಗೇಮನ್ನೇ ಮಾಡಿ ತಂದಿದ್ದಳು.

ಬೋರ್ಡಿನ ನಡುವೆ ದೊಡ್ಡ ನೀಲಿ ಭೂಮಿ. ಪಕ್ಕದಲ್ಲಿ ಉದ್ದನೆಯ ಥರ್ಮಾಮೀಟರು, ಅದರ ಮೇಲೆ ಒಂದು ಕೆಂಪು ಗುಂಡಿ. ಮರಗಳೆಂದರೆ ಹಸಿರು ಬಳಿದ ಬೆಂಕಿಕಡ್ಡಿ, ನೀರೆಂದರೆ ಒಂದು ಬಟ್ಟಲು ನೀಲಿ ಮಣಿ, ಇಂಧನ ಎಂದರೆ ಗೇಟಿನ ಬಳಿಯ ಇಸ್ತ್ರಿ ಭಯ್ಯಾನಿಂದ ಬೇಡಿ ತಂದ ನಿಜವಾದ ಇದ್ದಿಲ ಚೂರು. ಆಡುವವರು ನಾಲ್ವರು, ನಾಲ್ಕು ಮನೆ. ಸರದಿಯ ಮೇಲೆ ಕಾರ್ಡು ಎತ್ತುವುದು. ಇದ್ದಿಲು ಉರಿಸಿದರೆ ನಿಮ್ಮ ಮನೆ ನಡೆಯುತ್ತದೆ, ಆದರೆ ಕೆಂಪು ಗುಂಡಿ ಮೇಲೇರುತ್ತದೆ. ಮರ ನೆಟ್ಟರೆ ಇಳಿಯುತ್ತದೆ. ಕೈಯಲ್ಲಿರುವುದನ್ನು ಒಬ್ಬರಿಗೊಬ್ಬರು ತೋರಿಸಬಹುದು, ಕೊಡಬಹುದು. ಗುಂಡಿ ತುದಿ ಮುಟ್ಟಿದರೆ ನಾಲ್ವರೂ ಸೋತಂತೆ. ಮುಟ್ಟದೆ ಕೊನೆಯ ಸುತ್ತು ದಾಟಿದರೆ ನಾಲ್ವರೂ ಗೆದ್ದಂತೆ. ನನಗೆ ಆಟ ತುಂಬಾ ಹಿಡಿಸಿತು. ಮಕ್ಕಳ ಬೆನ್ನು ತಟ್ಟಿ, ಬೋರ್ಡನ್ನು ಎತ್ತಿಕೊಂಡು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆ.

ಅಂತರಶಾಲಾ ಪ್ರದರ್ಶನದಲ್ಲಿ ನಮ್ಮ ಶಾಲೆಗೆ ಸಿಗುವುದು ಒಂದೇ ಒಂದು ಮಳಿಗೆ. ಅದರಲ್ಲಿ ಪ್ರತಿವರ್ಷ ವಿಜ್ಞಾನ ವಿಭಾಗದ ಜ್ವಾಲಾಮುಖಿ ಕೂರುತ್ತಿತ್ತು. ವಿನೆಗರ್ ಸುರಿದರೆ ನೊರೆ ಉಕ್ಕುವ ಅದೇ ಹಳೆಯ ಮಣ್ಣಿನ ಗುಡ್ಡ. ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಿದ್ದರು. ಈ ಸಲ ಮಕ್ಕಳ ಆಟ ಇಡೋಣ ಎಂದೆ. ಪ್ರಿನ್ಸಿಪಾಲರು ಬೋರ್ಡನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು.

"ಗೆಲ್ಲುವವರು ಯಾರು?" ಎಂದು ಕೇಳಿದರು.

"ಎಲ್ಲರೂ, ಸರ್."

"ಸೋಲುವವರು?"

"ಅದೂ ಎಲ್ಲರೂ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಇದರಲ್ಲಿ ಏನೋ ಇದೆ, ಈ ಮೇಡಂ ಹೇಳುತ್ತಿಲ್ಲ ಎಂಬುದು ಅವರ ಮುಖದಲ್ಲೇ ಬರೆದಿತ್ತು. ಸೋಲುವುದೇ ಹೆಚ್ಚು ಎಂದಾದರೆ ಶಾಲೆಯ ಮರ್ಯಾದೆ ಏನಾಗಬೇಕು, ನೋಡಲು ಬಂದವರೆಲ್ಲ ನಮ್ಮ ಮಳಿಗೆಯಲ್ಲಿ ಸೋತು ಪಕ್ಕದ ಶಾಲೆಯ ಮಳಿಗೆಯಲ್ಲಿ ನಗುತ್ತ ನಿಂತರೆ ಏನು ಮಾಡುತ್ತೀರಿ ಎಂದೆಲ್ಲ ಕೇಳಿ ಕೊನೆಗೆ ಒಂದು ಷರತ್ತು ಹಾಕಿದರು. ಒಬ್ಬರಿಗೊಬ್ಬರು ನೆಂಟರಲ್ಲದ, ಶಾಲೆಗೆ ಸೇರದ ನಾಲ್ಕು ಜನ ದೊಡ್ಡವರು ಅವರ ಕಣ್ಣೆದುರು ಕೂತು ಒಮ್ಮೆ ಗೆದ್ದು ತೋರಿಸಬೇಕು. ಗೆದ್ದರೆ ಮಳಿಗೆ ಮಕ್ಕಳಿಗೆ. ಇಲ್ಲವಾದರೆ ಜ್ವಾಲಾಮುಖಿಗೆ.

ಮಕ್ಕಳು ಎಷ್ಟೋ ಸಲ ಗೆದ್ದಿದ್ದಾರೆ ಸರ್, ನಾನೇ ನೋಡಿದ್ದೇನೆ ಎಂದೆ.

"ಮಕ್ಕಳದ್ದು ಬಿಡಿ ಮೇಡಂ. ಅವರಿಗೆ ಇನ್ನೂ ಒಬ್ಬರನ್ನೊಬ್ಬರು ನಂಬುವ ವಯಸ್ಸು. ಪ್ರದರ್ಶನಕ್ಕೆ ಬರುವವರು ದೊಡ್ಡವರು."

೨. ಕೈ ಹಚ್ಚದ ಕಾರ್ಡು

ಮೊದಲು ನೆನಪಾದದ್ದು ನಮ್ಮ ಮನೆಯವರ ಆಫೀಸು. ಅವರು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ದೇಶವನ್ನೇ ನಡೆಸುವವರಿಗೆ ಒಂದು ಭೂಮಿ ನಡೆಸುವುದು ಕಷ್ಟವೇ ಎಂದುಕೊಂಡು, ಮಸಾಲೆ ದೋಸೆಯ ಆಸೆ ತೋರಿಸಿ ಒಂದು ಭಾನುವಾರ ಅವರ ಆಫೀಸಿನ ಮೂವರನ್ನು ಮನೆಗೆ ಕರೆಸಿದೆ. ಅವರಲ್ಲಿ ಹಿರಿಯರು ಡೈರೆಕ್ಟರ್ ಸಾಹೇಬರು. ನಮ್ಮ ಕಡೆಯವರೇ, ಬಹಳ ಶಿಸ್ತಿನ ಮನುಷ್ಯ. ನಿವೃತ್ತಿ ಹತ್ತಿರ ಬಂದಿದ್ದರಿಂದ ಯಾವುದಕ್ಕೂ ಸಹಿ ಹಾಕುವುದನ್ನೇ ನಿಲ್ಲಿಸಿದ್ದರು.

ಆಟ ಶುರುವಾಯಿತು. ಡೈರೆಕ್ಟರ್ ಸಾಹೇಬರು ಎತ್ತಿದ ಮೊದಲ ಕಾರ್ಡೇ ಇಡೀ ಕಟ್ಟಿನಲ್ಲೇ ಒಳ್ಳೆಯದು. "ನಿಮ್ಮ ಮನೆಗೆ ಸೋಲಾರ್ ಹಲಗೆ ಉಚಿತ. ಇನ್ನು ಇದ್ದಿಲು ಬೇಡ." ಮಕ್ಕಳಾಗಿದ್ದರೆ ಕುಣಿದುಬಿಡುತ್ತಿದ್ದರು. ಸಾಹೇಬರು ಅದನ್ನು ಎರಡು ಸಲ ಓದಿ ಮೆಲ್ಲಗೆ ಮೇಜಿನ ಮೇಲಿಟ್ಟರು.

"ಉಚಿತ ಅಂದರೆ ಕೊಟ್ಟವರು ಯಾರು?" ಎಂದರು.

ಆಟ ಕೊಡುತ್ತದೆ ಸರ್ ಎಂದೆ. ಆಟಕ್ಕೆ ನನ್ನಿಂದ ಏನಾಗಬೇಕಿದೆ ಎಂದು ಕೇಳಿದರು. ಏನೂ ಆಗಬೇಕಿಲ್ಲ ಎಂದದ್ದೇ ನಾನು ಮಾಡಿದ ತಪ್ಪು. ಏನೂ ಆಗಬೇಕಿಲ್ಲದೆ ಇವತ್ತು ಕೊಡುವವರು ನಾಳೆ ಏನು ಕೇಳುತ್ತಾರೆ ಎಂಬ ಬಗ್ಗೆ ಅವರಿಗೆ ಮೂವತ್ತು ವರ್ಷದ ಅನುಭವವಿತ್ತು. ವಿಜಿಲೆನ್ಸಿನವರು ಬಂದರೆ ಮೊದಲು ಕೇಳುವುದೇ ಇಂಥ ಹಲಗೆಯ ಬಗ್ಗೆ ಎಂದರು. ಉಳಿದಿಬ್ಬರೂ ತಲೆಯಾಡಿಸಿದರು. ಹಾಗಾದರೆ ಬೇರೆಯವರಿಗೆ ಕೊಟ್ಟುಬಿಡಿ ಸರ್, ಆಟದಲ್ಲಿ ಅದಕ್ಕೂ ಅವಕಾಶವಿದೆ ಎಂದೆ. ಸಾಹೇಬರು ಕಾರ್ಡನ್ನು ಪಕ್ಕದವರ ಕಡೆ ಸರಿಸಿದರು. ಪಕ್ಕದವರು ಓದದೆಯೇ ಮುಂದಿನವರಿಗೆ ಸರಿಸಿದರು. ಅವರು ನಮ್ಮ ಮನೆಯವರಿಗೆ. ನಮ್ಮ ಮನೆಯವರು, ನನ್ನ ಗಂಡ, ನನ್ನದೇ ಸೋಫಾದ ಮೇಲೆ ಕೂತು, "ಇದು ಮೇಲಿನವರು ನೋಡಬೇಕಾದ ವಿಷಯ" ಎಂದು ಮತ್ತೆ ಸಾಹೇಬರ ಮುಂದೆ ಇಟ್ಟರು.

ಹೀಗೆ ಸೋಲಾರ್ ಹಲಗೆ ದೋಸೆ ಮುಗಿಯುವ ತನಕ ಮೇಜಿನ ಸುತ್ತ ತಿರುಗಿತು. ಅಷ್ಟರಲ್ಲಿ ಎಲ್ಲರೂ ಇದ್ದಿಲನ್ನೇ ಉರಿಸಿ ಮನೆ ನಡೆಸಿದರು, ಅದನ್ನು ಹಿಂದಿನಿಂದಲೂ ಉರಿಸುತ್ತ ಬಂದಿದ್ದಾರಲ್ಲ, ಅದಕ್ಕೆ ಯಾರೂ ಏನೂ ಕೇಳುವುದಿಲ್ಲ. ಕೆಂಪು ಗುಂಡಿ ತುದಿ ಮುಟ್ಟಿತು. ನನಗೆ ಕಣ್ಣು ತುಂಬುವಷ್ಟು ಬೇಜಾರಾಯಿತು. ಸಾಹೇಬರು ಮಾತ್ರ ಕೈ ತೊಳೆದುಕೊಂಡು ಬಂದು, ತುಂಬ ಸಮಾಧಾನದಿಂದ ನನ್ನನ್ನೇ ಕೇಳಿದರು:

"ಅಮ್ಮಾ, ನಾವು ಚಾರ್ಜ್ ತಗೊಳ್ಳೋ ಮೊದಲೇ ಬಿಸಿ ಇತ್ತು ಅಂತ ಹೇಳೋಕಾಗುತ್ತಾ?"

೩. ಬಕೆಟ್ಟಿನ ಕೆಳಗೆ

ನಾವಿರುವುದು ಯಮುನೆಯ ಆಚೆ, ಒಂದು ಸಹಕಾರಿ ವಸತಿ ಸಂಘದ ಫ್ಲ್ಯಾಟಿನಲ್ಲಿ. ಹೆಸರಿನಲ್ಲೇ ಸಹಕಾರ ಇದೆಯಲ್ಲ, ಅಲ್ಲಿಯೇ ನಾಲ್ವರು ಸಿಕ್ಕಾರು ಎಂದು ಎರಡನೆಯ ಪ್ರಯತ್ನ ಮಾಡಿದೆ. ಸಂಘದ ಸೆಕ್ರೆಟರಿ ಕೆಳಮನೆಯ ಅಂಕಲ್, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಎಲ್ಲರ ಮನೆಯ ವಿಚಾರವೂ ಅವರಿಗೆ ಬೇಕು. ಅವರ ಎದುರು ಕೂತದ್ದು ಮೇಲಿನ ಮಹಡಿಯ ಆಂಟಿ. ಇವರಿಬ್ಬರೂ ಒಂದೇ ಮೇಜಿಗೆ ಬಂದದ್ದು ನೋಡಿಯೇ ಆಟ ಅರ್ಧ ಗೆದ್ದ ಹಾಗೆ ನಾನು ಸಂತೋಷಪಟ್ಟೆ. ಇದು ಬರೀ ಅಭ್ಯಾಸದ ಆಟವಾದ್ದರಿಂದ ಉಳಿದೆರಡು ಮನೆ ನಮ್ಮ ಮನೆಯವರದು, ನನ್ನದು.

ನಮ್ಮ ಬಿಲ್ಡಿಂಗಿನ ನೀರಿನ ಕಥೆ ಇಲ್ಲಿ ಹೇಳಲೇಬೇಕು. ಮುನಿಸಿಪಾಲಿಟಿಯ ನೀರು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಬರುತ್ತದೆ. ಯಾರಾದರೂ ಪೈಪಿಗೆ ಸಣ್ಣ ಮೋಟಾರು ಕಟ್ಟಿ ಎಳೆದರೆ ಅವರಿಗಷ್ಟೇ ಸಿಗುತ್ತದೆ, ಉಳಿದವರ ನಲ್ಲಿ ಗಾಳಿ ಊದುತ್ತದೆ. ಮೋಟಾರು ಕಟ್ಟುವುದು ಕಾನೂನಿಗೆ ವಿರುದ್ಧ. ಹಾಗಾಗಿ ನಮ್ಮ ಬಿಲ್ಡಿಂಗಿನಲ್ಲಿ ಯಾರ ಹತ್ತಿರವೂ ಮೋಟಾರು ಇರಲಿಲ್ಲ. ಮೇಲಿನ ಮಹಡಿಗೆ ನೀರು ಮಾತ್ರ ಬರುತ್ತಿರಲಿಲ್ಲ.

ಆಂಟಿ ಎತ್ತಿದ ಕಾರ್ಡಿನಲ್ಲಿ, "ಯಾರೋ ನೀರು ಪೋಲು ಮಾಡಿದ್ದಾರೆ, ಬಟ್ಟಲಿನಿಂದ ಮಣಿ ತೆಗೆಯಿರಿ" ಎಂದು ಬರೆದಿತ್ತು. ಆಂಟಿ ಮಣಿ ತೆಗೆಯಲಿಲ್ಲ, ಸೆಕ್ರೆಟರಿಯನ್ನು ನೋಡಿದರು. ಸೆಕ್ರೆಟರಿ ಥರ್ಮಾಮೀಟರನ್ನು ನೋಡಿದರು. ಅದೇ ಹೊತ್ತಿಗೆ ಸರಿಯಾಗಿ ಸಂಜೆಯ ನೀರು ಬಂತು ಎಂದು ಕಾಣುತ್ತದೆ. ಕೆಳಗಿನಿಂದ ಗುಂಯ್ ಎಂದು ಸದ್ದು ಶುರುವಾಯಿತು.

"ಯೇ ಕ್ಯಾ ಹೈ, ಭಾಯಿ ಸಾಹೇಬ್?" ಎಂದರು ಆಂಟಿ, ತುಂಬ ಮೆತ್ತಗೆ.

ನಾನು ಇಲ್ಲೇ ನಿಮ್ಮ ಎದುರಿಗೇ ಕೂತಿದ್ದೇನಲ್ಲ ಎಂದು ಸೆಕ್ರೆಟರಿ ಎರಡೂ ಕೈ ತೋರಿಸಿದರು. ಆಂಟಿ ಆಗಲೇ ಮೆಟ್ಟಿಲು ಇಳಿಯುತ್ತಿದ್ದರು. ಅವರ ಹಿಂದೆ ಸೆಕ್ರೆಟರಿ, ಹಿಂದೆ ನಾವು. ಕೆಳಗೆ ನೀರಿನ ಮೀಟರುಗಳು ಸಾಲಾಗಿರುವ ಕಡೆ ಒಂದು ಪ್ಲಾಸ್ಟಿಕ್ ಬಕೆಟ್ಟು ಬೋರಲು ಬಿದ್ದಿತ್ತು, ಸಣ್ಣಗೆ ನಡುಗುತ್ತಿತ್ತು. ಆಂಟಿ ಬಕೆಟ್ಟು ಎತ್ತಿದರು. ಕೆಳಗಿದ್ದ ಮೋಟಾರನ್ನು ಚಾಲೂ ಮಾಡಿದ ಸೆಕ್ರೆಟರಿಯವರ ಹೆಂಡತಿ ಕಿಟಕಿಯಿಂದ ಒಮ್ಮೆ ಇಣುಕಿ ಪರದೆ ಎಳೆದುಕೊಂಡರು.

ಇನ್ನು ಮಹಾಭಾರತವೇ ಆಗುತ್ತದೆ ಎಂದುಕೊಂಡೆ. ಸೆಕ್ರೆಟರಿ ಪಕ್ಕದಲ್ಲಿದ್ದ ಒಂದು ಗಂಟಿನ ಕಡೆ ಬೊಟ್ಟು ಮಾಡಿದರು. ಯಾರದೋ ಹಳೆಯ ಹಳದಿ ಸೀರೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟ ಇನ್ನೊಂದು ಮೋಟಾರು. ಆ ಸೀರೆಯನ್ನು ನಾವೆಲ್ಲ ಮೂರು ದೀಪಾವಳಿಗೆ ಆಂಟಿಯ ಮೈಮೇಲೆ ನೋಡಿದ್ದೆವು. ಆಂಟಿ ಮೆಲ್ಲಗೆ ಬಕೆಟ್ಟನ್ನು ಮೊದಲಿದ್ದ ಹಾಗೇ ಬೋರಲು ಹಾಕಿ, ಆಟ ಎಲ್ಲಿಗೆ ಬಂದಿತ್ತು ಎಂದು ಕೇಳಿದರು. ಆದರೆ ಮತ್ತೆ ಯಾರೂ ಆಡಲು ಕೂರಲಿಲ್ಲ.

ಮರುದಿನ ಹೆದರಿಕೊಂಡು ಯಾರೂ ಮೋಟಾರು ಹಾಕಲಿಲ್ಲ. ಕಟ್ಟಡ ಕಟ್ಟಿದ ಮೇಲೆ ಮೊದಲ ಸಲ ಎಲ್ಲ ಮಹಡಿಗೂ ನೀರು ಬಂತು. ಸೆಕ್ರೆಟರಿ ಸಂಜೆ ನೋಟೀಸ್ ಬೋರ್ಡಿನ ಮುಂದೆ ನಿಂತು ಎಲ್ಲರನ್ನೂ ಕೇಳುತ್ತಿದ್ದರು: "ದೇಖಾ, ನನ್ನ ಅಡ್ಮಿನಿಸ್ಟ್ರೇಷನ್?"

೪. ನನ್ನ ಹತ್ತಿರ ಏನೂ ಇಲ್ಲ

ಶಾಲೆಯಲ್ಲಿ ಎರಡು ಜಡೆಯ ಹುಡುಗಿ ದಿನಾ ಬೆಳಿಗ್ಗೆ ಪ್ರಾರ್ಥನೆಯ ಸಾಲಿನಿಂದಲೇ ನನ್ನ ಮುಖ ನೋಡುತ್ತಿದ್ದಳು. "ಮ್ಯಾಮ್, ಜೀತ್ ಗಯೇ ಕ್ಯಾ?" ಗೆದ್ದರಾ ಎಂದು ಕೇಳುತ್ತಿದ್ದಳು. ಇನ್ನೂ ಇಲ್ಲ ಪುಟ್ಟಾ ಎಂದರೆ, ನಮ್ಮ ಆಟವೇ ಕಷ್ಟ ಇದೆಯಾ, ಸುಲಭ ಮಾಡಲಾ ಎನ್ನುತ್ತಿದ್ದಳು. ಆಟ ಸುಲಭವೇ ಇದೆ, ಆಡುವವರು ಕಷ್ಟ ಎಂದು ಆ ಮಗುವಿಗೆ ಹೇಗೆ ಹೇಳಲಿ. ನನಗೆ ನಾಚಿಕೆಯಾಗುತ್ತಿತ್ತು.

ದೊಡ್ಡವರ ಸಹವಾಸ ಸಾಕು, ಓದುವ ಯುವಕರನ್ನೇ ಹಿಡಿಯೋಣ ಎಂದು ಮುಖರ್ಜಿ ನಗರಕ್ಕೆ ಹೋದೆ. ಅಲ್ಲಿ ಐಎಎಸ್ ಪರೀಕ್ಷೆಗೆ ಓದುವ ನಮ್ಮ ಕಡೆಯ ಹುಡುಗರು ತುಂಬ ಜನ ಇದ್ದರು. ಕನ್ನಡ ಸಂಘದ ಊಟಕ್ಕೆ ಬರುತ್ತಿದ್ದ ಒಬ್ಬ ಹಾವೇರಿಯ ಹುಡುಗ ಪರಿಚಯದವನು. ಹುಡುಗ ಎಂದರೆ ಮೀಸೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡಿತ್ತು. ಪರೀಕ್ಷೆ ಪಾಸಾಗುವ ತನಕ ಅಲ್ಲಿ ಎಲ್ಲರೂ ಹುಡುಗರೇ. ಅವನು ತನ್ನ ರೂಮಿನಲ್ಲಿ ಇನ್ನೂ ಮೂವರನ್ನು ಸೇರಿಸಿದ. ಕೂರುವುದಕ್ಕೆ ಮಂಚ, ಮೇಜಿಗೆ ಬದಲು ಪುಸ್ತಕದ ರಾಶಿ.

ಇವರು ನಿಯಮಗಳನ್ನು ಒಂದೇ ಸಲಕ್ಕೆ ಬಾಯಿಪಾಠ ಮಾಡಿದರು. ನೆಗೆಟಿವ್ ಮಾರ್ಕಿಂಗ್ ಇದೆಯಾ ಮೇಡಂ ಎಂದು ಒಬ್ಬ ಕೇಳಿದ. ಇಲ್ಲ ಎಂದಾಗ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೆಗೆಟಿವ್ ಮಾರ್ಕಿಂಗ್ ಇಲ್ಲದ ಪೇಪರನ್ನು ನಂಬಬಾರದು ಎಂದು ಅವರಿಗೆ ಕೋಚಿಂಗಿನಲ್ಲಿ ಹೇಳಿಕೊಟ್ಟಿದ್ದರಂತೆ.

ನಾಲ್ಕನೆಯ ಸುತ್ತಿಗೆ ದೊಡ್ಡ ನೆರೆ ಬಂತು. ಈ ಕಾರ್ಡು ಬಂದಾಗ ಪ್ರತಿಯೊಬ್ಬರೂ ತಮ್ಮ ಬಳಿ ಎಷ್ಟು ಮರ ಇದೆ ಎಂದು ಉಳಿದವರಿಗೆ ಹೇಳಿ, ಒಟ್ಟುಮಾಡಿ ನೆಡಬೇಕು. ನಾನು ಒಬ್ಬೊಬ್ಬರನ್ನೇ ಕೇಳುತ್ತ ಬಂದೆ.

"ನನ್ನ ಹತ್ತಿರ ಏನೂ ಇಲ್ಲ ಮೇಡಂ" ಎಂದ ಮೊದಲನೆಯವನು.

ಎರಡನೆಯವನು ತನ್ನ ಹತ್ತಿರ ಅಷ್ಟೂ ಇಲ್ಲ ಎಂದ. ಮೂರನೆಯವನು ಈ ಸಲ ಏನೂ ತಯಾರಿಯೇ ಆಗಿಲ್ಲ, ಸುಮ್ಮನೆ ಬಂದು ಕೂತಿದ್ದೇನೆ ಎಂದ. ಹಾವೇರಿಯವನು ದುಃಖದಿಂದ ಕೈ ಅಲ್ಲಾಡಿಸಿದ. ಆ ಕೇರಿಯಲ್ಲಿ ಪರೀಕ್ಷೆಯ ಹಿಂದಿನ ದಿನ ಯಾರನ್ನು ಕೇಳಿದರೂ ಸಿಗುವ ಉತ್ತರ ಅದೊಂದೇ. ಓದಿದ್ದೇನೆ ಎಂದು ಒಪ್ಪಿಕೊಂಡವನು ಉದ್ಧಾರವಾದದ್ದನ್ನು ಅಲ್ಲಿ ಯಾರೂ ನೋಡಿಲ್ಲವಂತೆ. ಮರಗಳಿಲ್ಲದೆ ನೆರೆ ಉಕ್ಕಿ, ಕೆಂಪು ಗುಂಡಿ ಎದ್ದು, ಭೂಮಿ ಮುಗಿಯಿತು.

ಬೋರ್ಡು ಮಡಚುವಾಗ ಮರಗಳು ಕಾಣಿಸಲಿಲ್ಲ. ಹುಡುಕಿದರೆ ದಿಂಬಿನ ಕೆಳಗೆ, ಜೇಬಿನಲ್ಲಿ, ಪುಸ್ತಕದ ಹಾಳೆಗಳ ನಡುವೆ ಹಸಿರು ಕಡ್ಡಿಗಳು. ಮೂರು ಭೂಮಿಗೆ ಸಾಕಾಗುವಷ್ಟು ಕಾಡು ಆ ಒಂದು ರೂಮಿನಲ್ಲಿತ್ತು. ಹಾವೇರಿಯವನು ಅವನ್ನೆಲ್ಲ ಎಣಿಸಿ ನನ್ನ ಕೈಗೆ ಕೊಡುತ್ತ, "ಮುಂದಿನ ಅಟೆಂಪ್ಟಿಗೆ ಇರಲಿ ಅಂತ ಇಟ್ಕೊಂಡಿದ್ವಿ ಅಕ್ಕಾ" ಎಂದ.

೫. ಶತ್ರು ಎಲ್ಲಿದ್ದಾನೆ

ಪ್ರದರ್ಶನ ಹತ್ತಿರ ಬಂತು. ವಿಜ್ಞಾನ ವಿಭಾಗದವರು ಜ್ವಾಲಾಮುಖಿಯನ್ನು ಅಟ್ಟದಿಂದ ಇಳಿಸಿ ಬಣ್ಣ ಕಲಸತೊಡಗಿದರು. ಕೊನೆಗೆ ನೊಯ್ಡಾದಲ್ಲಿರುವ ನಿವೃತ್ತ ಕರ್ನಲ್ ಸಾಹೇಬರ ಮನೆಗೆ ಹೋದೆ. ಕೊಡಗಿನವರು, ಎತ್ತರದ ಆಳು. ಒಟ್ಟಿಗೆ ಸೇರಿ ಕೆಲಸ ಮಾಡುವುದು ಹೇಗೆಂದು ಸೈನ್ಯದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವರು, ಅವರ ಹೆಂಡತಿ, ಇಬ್ಬರು ಹಳೆಯ ಮಿತ್ರರು ಆಡಲು ಕೂತರು.

"ಶತ್ರು ಎಲ್ಲಿದ್ದಾನೆ, ಟೀಚರಮ್ಮ?" ಎಂಬುದು ಮೊದಲ ಪ್ರಶ್ನೆ.

ಶತ್ರು ಇಲ್ಲ ಸಾಹೇಬರೇ, ಬಿಸಿಯೇ ಶತ್ರು ಎಂದೆ. ಬಿಸಿ ಎಲ್ಲಿಂದ ಬರುತ್ತದೆ ಎಂದರು. ನಮ್ಮ ಮನೆಗಳಿಂದಲೇ ಎಂದೆ. ಕರ್ನಲ್ ಸಾಹೇಬರ ಹುಬ್ಬು ಮೇಲೇರಿತು. ಅಂದರೆ ಶತ್ರು ನಮ್ಮೊಳಗೇ ಇದ್ದಾನೆ ಎಂದು ಮಿತ್ರರಿಗೆ ಹೇಳಿದರು. ಅಲ್ಲಿಂದ ಮುಂದೆ ಇದ್ದಿಲು ಮರಗಳನ್ನು ಯಾರೂ ಕೇಳಲಿಲ್ಲ, ಒಬ್ಬೊಬ್ಬರ ವಿಚಾರಣೆ ಶುರುವಾಯಿತು. ಮಿತ್ರರಿಬ್ಬರೂ ನಿರಪರಾಧಿಗಳು ಎಂದು ತೀರ್ಮಾನವಾಯಿತು. ಹೆಂಡತಿಯನ್ನು ವಿಚಾರಣೆ ಮಾಡಲು ಹೋಗಿ ಕರ್ನಲ್ ಸಾಹೇಬರು ತಾವೇ ಹಿಂದೆ ಸರಿದರು. ಕೊನೆಗೆ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

ಆಟದ ನಿಯಮವೆಲ್ಲ ಗೊತ್ತಿದ್ದೂ ಆಡದೆ ಸುಮ್ಮನೆ ಕೂತಿರುವವಳು ನಾನೊಬ್ಬಳೇ ಎಂಬುದು ಅವರ ವಾದ. ಕೈಬೆರಳು ಇದ್ದಿಲಿನಿಂದ ಕಪ್ಪಾಗಿರುವುದೂ ನನ್ನದೇ. ನನ್ನನ್ನು ಮರ್ಯಾದೆಯಿಂದಲೇ ಬಾಲ್ಕನಿಗೆ ಕಳಿಸಿ, ಕಾಫಿ ಕೊಟ್ಟು, ಬಾಗಿಲು ಹಾಕಿಕೊಂಡು ಆಡಿದರು. ಸ್ವಲ್ಪ ಹೊತ್ತಿಗೆ ಕರ್ನಲ್ ಸಾಹೇಬರ ಹೆಂಡತಿ ಬಂದು ಬಾಗಿಲು ತೆಗೆದರು. ಏನಾಯಿತು ಎಂದು ಕೇಳಿದೆ.

"ಭೂಮಿ ಹೋಯಿತು. ಆದರೆ ನಮ್ಮ ಕಡೆ ಯಾವ ನಷ್ಟವೂ ಇಲ್ಲ ಅಂತಿದ್ದಾರೆ" ಎಂದರು.

೬. ಕೊನೆಯ ಸುತ್ತು

ಇನ್ನು ಪ್ರಿನ್ಸಿಪಾಲರ ಎದುರು ಆಡಲೇಬೇಕಾದ ದಿನ ಬಂತು. ಗೆದ್ದ ನಾಲ್ವರು ಸಿಗಲಿಲ್ಲವಾದ್ದರಿಂದ ಸೋತವರಲ್ಲೇ ನಾಲ್ವರನ್ನು ಕರೆದೆ. ಯಾರೂ ನೆಂಟರಲ್ಲ, ಯಾರಿಗೆ ಯಾರ ಪರಿಚಯವೂ ಇಲ್ಲ. ನಾಲ್ವರೂ ಒಂದೇ ಮಾತಿಗೆ ಒಪ್ಪಿದ್ದು ನೋಡಿ ನನಗೆ ಆಶ್ಚರ್ಯವಾಗಿತ್ತು, ಆಮೇಲೆ ಕಾರಣ ಗೊತ್ತಾಯಿತು. ಡೈರೆಕ್ಟರ್ ಸಾಹೇಬರು ಬಂದದ್ದು ಆ ಉಚಿತ ಹಲಗೆಯನ್ನು ಬೇರೆ ಯಾರು ತೆಗೆದುಕೊಳ್ಳುತ್ತಾರೆ ಎಂದು ನೋಡಲು. ಸೊಸೈಟಿಯ ಸೆಕ್ರೆಟರಿ ಬಂದದ್ದು, ತಾವು ಬಾರದಿದ್ದರೆ ಮೇಲಿನ ಮಹಡಿಯ ಆಂಟಿಯನ್ನು ಕರೆಯುತ್ತಾರೆ ಎಂಬ ಭಯಕ್ಕೆ. ಹಾವೇರಿಯವನಿಗೆ ಈ ವರ್ಷ ಪ್ರಬಂಧದಲ್ಲಿ ಪರಿಸರ ಬರುತ್ತದೆ ಎಂಬ ಗುಮಾನಿ. ಕರ್ನಲ್ ಸಾಹೇಬರಿಗೆ ನಾನೇ ಗೂಢಚಾರಿಣಿ ಎಂಬುದಕ್ಕೆ ಸಾಕ್ಷಿ ಬೇಕಾಗಿತ್ತು.

ಪ್ರಿನ್ಸಿಪಾಲರು ಇವರೆಲ್ಲರನ್ನೂ ಮೀರಿಸಿದರು. ಹೊರಗಿನಿಂದ ಯಾರೂ ಸನ್ನೆ ಮಾಡಬಾರದೆಂದು ಆಟವನ್ನು ಸ್ಲೈಡ್ ತೋರಿಸುವ ಕೋಣೆಯಲ್ಲಿ ಇಡಿಸಿದರು. ಅಲ್ಲಿ ಕಿಟಕಿಗೆಲ್ಲ ದಪ್ಪ ಕಪ್ಪು ಪರದೆ. ಎಸ್ಎಂಎಸ್ ಮಾಡಿಕೊಂಡಾರೆಂದು ಎಲ್ಲರ ಮೊಬೈಲನ್ನೂ ಹೊರಗೆ ಇಡಿಸಿದರು. ಮಕ್ಕಳು ಗೋಡೆಯ ಪಕ್ಕ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, ಬಾಯಿ ಬಿಡಕೂಡದು ಎಂದರು.

ಆಟ ಶುರುವಾಯಿತು, ನನ್ನ ಕಣ್ಣನ್ನು ನನಗೇ ನಂಬಲಾಗಲಿಲ್ಲ. ಕೆಂಪು ಗುಂಡಿ ಏರಲೇ ಇಲ್ಲ. ಡೈರೆಕ್ಟರ್ ಸಾಹೇಬರು ಇದ್ದಿಲನ್ನೂ ಮುಟ್ಟಲಿಲ್ಲ, ಅದನ್ನು ಕೊಟ್ಟವರು ಯಾರೋ ಎಂದು. ನೀರಿನ ಬಟ್ಟಲಿಗೆ ಯಾರ ಕೈ ಹೋದರೂ ಸೆಕ್ರೆಟರಿ ಎದ್ದು ನಿಂತು ನೋಡುತ್ತಿದ್ದರು, ಅವರಿಗೆ ಆ ವಿದ್ಯೆ ಗೊತ್ತಲ್ಲ. ಹಾವೇರಿಯವನು ಯಾರ ಹತ್ತಿರ ಎಷ್ಟು ಮರ ಇದೆ ಎಂದು ಲೆಕ್ಕ ಇಟ್ಟಿದ್ದ. ಯಾರಾದರೂ ಏನೂ ಇಲ್ಲ ಎಂದರೆ, ಇದೆ ಸರ್, ನಿಮ್ಮ ಮೊಣಕೈ ಕೆಳಗಿದೆ ಎನ್ನುತ್ತಿದ್ದ. ಕರ್ನಲ್ ಸಾಹೇಬರು ಮೂವರನ್ನೂ ಗದರಿ ಮರ ನೆಡಿಸುತ್ತಿದ್ದರು. ಕದಿಯಲು ಎಲ್ಲರಿಗೂ ಮನಸ್ಸಿತ್ತು, ಆಸ್ಪದ ಮಾತ್ರ ಸಿಗಲಿಲ್ಲ. ಹೀಗೆ ದೊಡ್ಡವರು ಯಾರೂ ಕಾಣದ ಕೊನೆಯ ಸುತ್ತಿಗೆ ಇವರು ಬಂದು ತಲುಪಿದರು.

ಕೊನೆಯ ಸುತ್ತಿನಲ್ಲಿ ಮಾಡಬೇಕಾದ್ದು ಇಷ್ಟೇ. ಪ್ರತಿಯೊಬ್ಬರಿಗೂ ಒಂದು "ಸ್ವಿಚ್ ಆಫ್" ಕಾರ್ಡು ಸಿಗುತ್ತದೆ. ನಾಲ್ವರೂ ಅದನ್ನು ಮೇಜಿನ ಮೇಲೆ ಇಟ್ಟರೆ ಭೂಮಿ ಉಳಿಯಿತು. ಇಟ್ಟವರ ಮನೆಯ ದೀಪ ಆರುತ್ತದೆ. ಇಡದವರ ಮನೆಯ ಎ.ಸಿ. ಓಡುತ್ತಲೇ ಇರುತ್ತದೆ. ಒಬ್ಬರು ಇಡದಿದ್ದರೂ ಭೂಮಿ ಮಾತ್ರ ಎಲ್ಲರದೂ ಹೋಗುತ್ತದೆ.

ನಾಲ್ವರೂ ಕಾರ್ಡು ಹಿಡಿದು ಕೂತರು. ಮೊದಲು ಇಡುವವರು ಯಾರು ಎಂದು ಒಬ್ಬರನ್ನೊಬ್ಬರು ನೋಡಿದರು. ಸೆಕ್ರೆಟರಿ, ಆಪ್ ರಖಿಯೇ, ನೀವೇ ಇಡಿ ಎಂದು ಕರ್ನಲ್ ಸಾಹೇಬರಿಗೆ ಹೇಳಿದರು. ಕರ್ನಲ್ ಸಾಹೇಬರು ಹಿರಿಯ ಅಧಿಕಾರಿಗಳು ಇದ್ದಾರಲ್ಲ ಎಂದು ಡೈರೆಕ್ಟರ್ ಸಾಹೇಬರನ್ನು ತೋರಿಸಿದರು. ಡೈರೆಕ್ಟರ್ ಸಾಹೇಬರು ಮೊದಲು ಕೆಳಗಿನವರಿಂದ ಬರಲಿ ಎಂದರು. ಹಾವೇರಿಯವನು ನನ್ನ ಹತ್ತಿರ ಏನೂ ಇಲ್ಲ ಎನ್ನಲು ಹೊರಟು, ಕಾರ್ಡು ಎಲ್ಲರಿಗೂ ಕಾಣುತ್ತಿದ್ದುದರಿಂದ ಸುಮ್ಮನಾದ. ಕೊನೆಗೆ ಕರ್ನಲ್ ಸಾಹೇಬರು ತಾವು ಎಣಿಸುವುದಾಗಿಯೂ, ಮೂರು ಎಂದಾಗ ಎಲ್ಲರೂ ಒಟ್ಟಿಗೆ ಇಡಬೇಕೆಂದೂ ಆಜ್ಞೆ ಮಾಡಿದರು. ಏಕ್, ದೋ, ತೀನ್ ಎಂದರು. ನಾಲ್ಕು ಕೈ ಮೇಜಿನ ತನಕ ಬಂದು, ಮಿಕ್ಕ ಮೂರು ಕೈ ನೋಡಿ, ಹಾಗೇ ನಿಂತವು. ಎಣಿಸಿದವರದ್ದೂ ನಿಂತಿತ್ತು.

ಮತ್ತೊಮ್ಮೆ ಎಣಿಸಿದರು. ಮತ್ತೆ ಹಾಗೇ ಆಯಿತು. ಎರಡು ಜಡೆಯ ಹುಡುಗಿ ಜಡೆಯ ತುದಿಯನ್ನು ಬಾಯಿಗೆ ಇಟ್ಟುಕೊಂಡು ಕಚ್ಚುತ್ತಿದ್ದಳು. ಇಡಿ, ಇಟ್ಟುಬಿಡಿ ಎಂದು ಕೂಗಬೇಕೆನಿಸಿತು ನನಗೆ. ಕೂಗಿದರೆ ಸೋತಂತೆ. ಪ್ರಿನ್ಸಿಪಾಲರು ಗಡಿಯಾರ ನೋಡಿಕೊಂಡು, ಇನ್ನು ಸಾಕು, ಜ್ವಾಲಾಮುಖಿಯವರಿಗೆ ಹೇಳಿಕಳಿಸೋಣ ಎಂದು ಎದ್ದರು.

ಆಗ ಕರೆಂಟು ಹೋಯಿತು.

ಜುಲೈ ತಿಂಗಳಲ್ಲಿ ದಿಲ್ಲಿಯ ಕರೆಂಟು ಹೋಗುವುದರಲ್ಲಿ ವಿಶೇಷವೇನೂ ಇಲ್ಲ. ಆ ಕೋಣೆಯಲ್ಲಿ ಮಾತ್ರ ಕಪ್ಪು ಪರದೆಯ ದೆಸೆಯಿಂದ ನಮ್ಮ ಕೈ ನಮಗೇ ಕಾಣಲಿಲ್ಲ. ಕುರ್ಚಿ ಕಿರಗುಟ್ಟಿದ ಸದ್ದು, ಯಾರೋ ಕೆಮ್ಮಿದ ಸದ್ದು. ಮಧ್ಯೆ ಏನೋ ಟಪ್ ಎಂದ ಹಾಗೂ ಅನಿಸಿತು, ಖಚಿತವಾಗಿ ಹೇಳಲಾರೆ. ಹೊರಗೆ ಪ್ಯೂನು ಜನರೇಟರಿನ ಹಗ್ಗ ಎಳೆದ, ಎಳೆದ, ಕೊನೆಗೂ ಅದು ದಡದಡ ಎಂದಿತು. ಟ್ಯೂಬ್‌ಲೈಟು ಮಿಣಮಿಣ ಎಂದು ಹತ್ತಿತು.

ಮೇಜಿನ ಮೇಲೆ ನಾಲ್ಕು ಕಾರ್ಡು ಬಿದ್ದಿದ್ದವು. ನಾಲ್ಕೂ ಸ್ವಿಚ್ ಆಫ್.

ಮಕ್ಕಳು ಬೆಂಚಿನಿಂದ ಹಾರಿ ಬಂದು ನನ್ನನ್ನು ತಬ್ಬಿಕೊಂಡರು. ಹುಡುಗಿ ಅಳುತ್ತಿದ್ದಳು, ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಪ್ರಿನ್ಸಿಪಾಲರು ಮಾತ್ರ ಮೊದಲು ಹೊರಗೆ ಹೋಗಿ ಮೇನ್ ಸ್ವಿಚ್ ನೋಡಿ ಬಂದರು, ಆಮೇಲೆ ರಸ್ತೆಗೆ ಹೋಗಿ ಎದುರು ಅಂಗಡಿಗಳಲ್ಲೂ ಕರೆಂಟು ಇಲ್ಲವೆಂದು ಖಾತ್ರಿ ಮಾಡಿಕೊಂಡು ಬಂದರು. ಬೇರೆ ದಾರಿ ಕಾಣದೆ, ಮಳಿಗೆ ಮಕ್ಕಳಿಗೆ ಎಂದು ಒಪ್ಪಿದರು. ಜ್ವಾಲಾಮುಖಿ ಅಟ್ಟಕ್ಕೆ ಹೋಯಿತು.

ಆದರೆ ಅವರಿಗೆ ಒಂದು ಅನುಮಾನ ಉಳಿದಿತ್ತು. ಮಳಿಗೆಯಲ್ಲಿ ಹಾಕಲು ಒಂದು ಫೋಟೋ ಬೇಕು, ಮೊದಲು ಕಾರ್ಡು ಇಟ್ಟು ಭೂಮಿ ಉಳಿಸಿದವರು ಯಾರು, ಅವರು ನಡುವೆ ನಿಲ್ಲಲಿ ಎಂದರು. ನಾಲ್ವರ ಮುಖವೂ ಹುಳ್ಳಗಾಯಿತು. ಕರ್ನಲ್ ಸಾಹೇಬರು ಉಳಿದ ಮೂವರದೂ ಬಿದ್ದ ಸದ್ದು ಕೇಳಿದ ಮೇಲಷ್ಟೇ ತಾವು ಇಟ್ಟದ್ದು ಎಂದರು. ಸೆಕ್ರೆಟರಿ ಮೂರು ಸಲ ಟಪ್ ಎಂದದ್ದನ್ನು ತಮ್ಮ ಕಿವಿಯಾರೆ ಕೇಳಿ, ಆಮೇಲೆ ಇಟ್ಟದ್ದಂತೆ. ಹಾವೇರಿಯವನು ತಾಯಾಣೆಗೂ ತಾನು ಕೊನೆಯವನು ಎಂದ. ಡೈರೆಕ್ಟರ್ ಸಾಹೇಬರು ಎದ್ದು ನಿಂತು, ತಮ್ಮ ಸೇವಾವಧಿಯಲ್ಲಿ ಮೂವರ ಒಪ್ಪಿಗೆ ಬೀಳದೆ ತಾವು ಏನನ್ನೂ ಮುಂದಿಟ್ಟವರಲ್ಲ, ಈ ಆರೋಪವನ್ನು ತಮ್ಮ ಮೇಲೆ ಹೊರಿಸಬಾರದು ಎಂದು ಕೈಮುಗಿದರು.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. ನಾನು ಕತ್ತಲೆಯಲ್ಲಿದ್ದೆ ಸರ್ ಎಂದೆ.

ಪ್ರದರ್ಶನದಲ್ಲಿ ನಮ್ಮ ಮಳಿಗೆಯ ಮೇಲೆ ಆ ಫೋಟೋ ತೂಗಿತು. ಭೂಮಿಯನ್ನು ಉಳಿಸಿದ ನಾಲ್ವರು, ನಡುವೆ ಯಾರೂ ಇಲ್ಲದ ಒಂದು ಖಾಲಿ ಜಾಗ, ಅದರ ಎರಡು ಕಡೆಯೂ ಇಬ್ಬಿಬ್ಬರು, ಪ್ರತಿಯೊಬ್ಬರೂ ಪಕ್ಕದವರನ್ನು ತೋರಿಸುತ್ತ ನಿಂತಿದ್ದಾರೆ.